ಬುದ್ಧಿಮತ್ತೆಗೂ ಆರ್ಥಿಕ ನಿಲುವಿಗೂ ನಂಟು ಇದೆಯಾ? 60 ಜನರ ಸಮೀಕ್ಷೆ ಸಾಕಾ?

ತುಂಗಾತೀರ: ಎಂ.ಎ. ಅರ್ಥಶಾಸ್ತ್ರದ ಕಿರುಪ್ರಬಂಧಕ್ಕೆ ಪ್ರಶ್ನಾವಳಿ ಮಾಡ್ತಿದ್ದೇನೆ. 10 ಪದಗಳ ಅರ್ಥ ಕೇಳುವ ಪರೀಕ್ಷೆ, ಆಮೇಲೆ ಒಂದು ಪ್ರಶ್ನೆ: "ಅಡಿಕೆ ಆಮದು ತಡೆಯಬೇಕೇ?" ತೀರ್ಥಹಳ್ಳಿ, ಸಾಗರ ಕಡೆಯ 60 ಜನ. ಅಂಕ ಹೆಚ್ಚಿದ್ದವರು ಮುಕ್ತ ವ್ಯಾಪಾರದ ಪರ ಇರ್ತಾರಾ ಅಂತ ನೋಡಬೇಕು. ಎಲ್ಲಾದರೂ ಎಡವಟ್ಟಿದೆಯಾ?

ಗೊರಬಲು: ಪ್ರಶ್ನೆಯಲ್ಲೇ ಇದೆ ಮಾರಾಯ್ರೆ. ಅಡಿಕೆಯ ಕನಿಷ್ಠ ಆಮದು ಬೆಲೆ (ಅದಕ್ಕಿಂತ ಅಗ್ಗದ್ದು ಒಳಗೆ ಬರೋ ಹಾಗಿಲ್ಲ) 2017ರಲ್ಲಿ ಕೆಜಿಗೆ 251 ರೂ. ಆಯ್ತು, 2023ರಲ್ಲಿ 351. ತೋಟ ಇದ್ದವರು ಅದಕ್ಕೆ ಸೈ ಅಂದರೆ ಮಾತಾಡ್ತಿರೋದು ಜೇಬು. ತೋಟ ಎಷ್ಟು ಎಕರೆ, ಅಡಿಕೆ ಕೊನೆ ತೆಗೆಯುವ ಕೂಲಿಯಾ, ವ್ಯಾಪಾರಿಯಾ, ಸಂಬಳದವರಾ ಅಂತ ಮೊದಲು ಬರೆಸಿಕೊಳ್ಳಿ. ಜೊತೆಗೆ ಇಲ್ಲಿ ಬೆಳೆಯದೆ ಕೊಂಡೇ ತಿನ್ನುವ ಸರಕಿನ ಬಗ್ಗೆಯೂ ಕೇಳಿ, ತಾಳೆಎಣ್ಣೆ ಆಮದು ಸುಂಕ ಅನ್ನಿ. ಅಡಿಕೆಗೆ ತಡೆ ಬೇಕು, ಎಣ್ಣೆಗೆ ಬೇಡ ಅನ್ನೋರು ಬೇಕಾದಷ್ಟು ಸಿಗ್ತಾರೆ. ಅರ್ಧ ಹೇಳಿಕೆಗಳನ್ನು ಉಲ್ಟಾ ಬರೆಯಿರಿ. ಕೆಲವರು ಎಲ್ಲದಕ್ಕೂ ಹೌದು ಅಂತಾರೆ.

ಲೆಕ್ಕದ ಮೇಷ್ಟ್ರು: ಆ 10 ಪದದ ಪರೀಕ್ಷೆ ಅಮೆರಿಕದ ಜಿಎಸ್‌ಎಸ್ (ಜನರಲ್ ಸೋಶಿಯಲ್ ಸರ್ವೆ) ಸಮೀಕ್ಷೆಯದು. ಅದೇ ದತ್ತಾಂಶ ಹಿಡಿದು ಕ್ಯಾಪ್ಲನ್ ಮತ್ತು ಮಿಲ್ಲರ್ ಎಂಬ ಸಂಶೋಧಕರು 2010ರಲ್ಲಿ, ಅಂಕ ಹೆಚ್ಚಿದ್ದವರ ನಿಲುವು ಅರ್ಥಶಾಸ್ತ್ರಜ್ಞರ ನಿಲುವಿಗೆ ಹತ್ತಿರ ಅಂದರು. ಕನ್ನಡದಲ್ಲಿ ಮಾಡಿದರೆ, ಮನೆಯಲ್ಲಿ ಹವ್ಯಕ, ತುಳು, ಉರ್ದು, ಲಂಬಾಣಿ ಆಡುವವರಿಗೆ ಗ್ರಾಂಥಿಕ ಪದ ಗೊತ್ತಿರೋದು ಶಾಲೆಯ ಅಳತೆಯಾಗುತ್ತೆ, ಬುದ್ಧಿಯದ್ದಲ್ಲ. ಅಳತೆ ಸರಿ ಇಲ್ಲದಿದ್ದರೆ ಜಗಳವೇ; 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರಿಗೂ ಒಡೆಯರಿಗೂ ಜಗಳ ಹತ್ತಿದ್ದೂ ಗೇಣಿ ಅಳೆಯುವ ಕೊಳಗದ ಮೇಲೇ ತಾನೆ! ಪದವಿಲ್ಲದೆ, ಚಿತ್ರಗಳ ಸಾಲಲ್ಲಿ ಬಿಟ್ಟುಹೋದದ್ದನ್ನು ಹುಡುಕಿಸುವ ರೇವನ್ ಮಾದರಿಯ ಪರೀಕ್ಷೆ ವಾಸಿ, ಶಾಲೆಯ ನೆರಳು ಅದರಲ್ಲೂ ಪೂರ್ತಿ ಹೋಗಲ್ಲ.

60 ಜನ ಸಾಲದು. ಅಂಕಕ್ಕೂ ನಿಲುವಿಗೂ ಸಹಸಂಬಂಧ (ನಂಟಿನ ಅಳತೆ; 0 ಅಂದರೆ ನಂಟಿಲ್ಲ, 1 ಅಂದರೆ ಪೂರ್ತಿ ನಂಟು) ಸೊನ್ನೆ ಇದ್ದರೂ ಆಕಸ್ಮಿಕವಾಗಿ 0.25ರವರೆಗೆ ಬರಬಹುದು. ನಿಜವಾದದ್ದು 0.2 ಆಗಿದ್ದರೆ ಅದನ್ನು ಹಿಡಿಯೋಕೆ ಸುಮಾರು 195 ಜನ ಬೇಕು, 0.1 ಆದರೆ 780. ಆ 0.1 ಕೂಡ ಜನರ ನಿಲುವಿನ ವ್ಯತ್ಯಾಸದ ಶೇ. 1ನ್ನಷ್ಟೇ ವಿವರಿಸುತ್ತೆ.

ಆಗುಂಬೆ ಮಳೆ: ನನಗೆ ಅಮೆರಿಕದ ಸಂಶೋಧಕ ಕಹಾನ್ ತಂಡದ 2013ರ ಪ್ರಯೋಗವೇ ಹೆಚ್ಚು ರುಚಿ. ಚರ್ಮದ ಕ್ರೀಮು ಕೆಲಸ ಮಾಡ್ತಾ ಅಂತ ಅವರು ಅಂಕಿ ತೋರಿಸಿ ಜನರನ್ನು ಕೇಳಿದ್ದರು. ನೀವು ಅದೇ ಅಂಕಿ ಇಟ್ಟು ಅಡಿಕೆ ಮರದ ಟಾನಿಕ್ ಮಾಡಿ. ಕೊಟ್ಟ ಮರಗಳಲ್ಲಿ 223 ಚೇತರಿಸಿಕೊಂಡವು, 75 ಸೊರಗಿದವು. ಕೊಡದವುಗಳಲ್ಲಿ 107 ಮತ್ತು 21. 223 ನೋಡಿ ಕ್ರೀಮು ಒಳ್ಳೇದು ಅಂತ ಅಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎಡವಿದರು. ಭಾಗಿಸಿದರೆ ಶೇ. 75, ಶೇ. 84; ಟಾನಿಕ್ ಕೊಡದ್ದೇ ವಾಸಿ. (ಟಾನಿಕ್ ಬದಲು ಬೋರ್ಡೋ ದ್ರಾವಣ ಅಂತ ಬರೆಯಬೇಡಿ. ಅದು ಕೊಳೆರೋಗ ತಡೆಯುತ್ತೆ ಅಂತ ಎಲ್ಲರಿಗೂ ಗೊತ್ತು, ಲೆಕ್ಕ ಯಾರೂ ನೋಡಲ್ಲ.) ಕ್ರೀಮಿನ ಜಾಗದಲ್ಲಿ ಬಂದೂಕು ನಿಷೇಧ ಇಟ್ಟಾಗ, ಲೆಕ್ಕದಲ್ಲಿ ಚುರುಕಿದ್ದವರೇ ತಮ್ಮ ಪಕ್ಷಕ್ಕೆ ಹಿತವಾದ ಉತ್ತರದ ಕಡೆ ವಾಲಿ, ಒಬ್ಬರಿಂದೊಬ್ಬರು ಇನ್ನೂ ದೂರ ಸರಿದರು.

ತುಂಗಾತೀರ: ಹಾಗಾದರೆ ಅದೇ ಅಂಕಿಗಳನ್ನು ಒಂದು ಗುಂಪಿಗೆ ಟಾನಿಕ್, ಇನ್ನೊಂದಕ್ಕೆ ಆಮದು ತಡೆ ಅಂತ ಕೊಡ್ತೇನೆ. ತೀರ್ಥಹಳ್ಳಿಗೆ ಒಂದು, ಸಾಗರಕ್ಕೆ ಒಂದು?

ಲೆಕ್ಕದ ಮೇಷ್ಟ್ರು: ಬೇಡ. ಊರುವಾರು ಹಂಚಿದರೆ ಊರಿನ ವ್ಯತ್ಯಾಸವೇ ಫಲಿತಾಂಶದ ವೇಷ ಹಾಕುತ್ತೆ. ಎರಡೂ ಊರಲ್ಲಿ ಚೀಟಿ ಎತ್ತಿಸಿ ಹಂಚಿ. ಆಮದು ಕಾಗದದಲ್ಲೂ ಅರ್ಧಕ್ಕೆ ಕೋಷ್ಟಕದ ಕಂಬಸಾಲುಗಳ ತಲೆಬರಹ ಅದಲುಬದಲು ಮಾಡಿ, ಇಲ್ಲದಿದ್ದರೆ ಸರಿ ಉತ್ತರ ಒಂದೇ ಪಕ್ಷಕ್ಕೆ ಹಿತವಾಗುತ್ತೆ. 60 ಜನ ಇದಕ್ಕೂ ಕಡಿಮೆಯೇ, ಗುಂಪಿಗೆ 100 ಆದರೂ ಇರಲಿ.