ಆಸ್ಪತ್ರೆಗಾಗಿ ಆಸ್ತಿ ತೆರಿಗೆ ಜೊತೆ ಸೇರುವ ಹಣ: "ಉಪಕರ" ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ,

ಕ್ಯಾಲಿಫೋರ್ನಿಯಾದ ಸರ್ಕಾರಿ ಆಸ್ಪತ್ರೆಗಳಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಅಲ್ಲಿರುವ ಕನ್ನಡದ ಹಿರಿಯರಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಓಟು ಇರುವವರು ಅವರು, ವಿಷಯ ಗೊತ್ತಿರಬೇಕು ಅಲ್ವಾ. ಒಂದು ಪದಕ್ಕೆ ನಿಮ್ಮ ಸಹಾಯ ಬೇಕು.

1978ರ ಜೂನ್‌ನಲ್ಲಿ ಆ ರಾಜ್ಯದ ಜನ ಪ್ರೊಪೊಸಿಷನ್ 13ಕ್ಕೆ ಓಟು ಹಾಕಿ, ಆಸ್ತಿ ತೆರಿಗೆ ನಿರ್ಧರಿತ ಬೆಲೆಯ 1% ದಾಟಬಾರದು ಅಂತ ಮಾಡಿದರು. ಮನೆ ಮಾರಾಟವಾಗುವ ತನಕ ಆ ಬೆಲೆಯೂ ವರ್ಷಕ್ಕೆ 2%ಗಿಂತ ಜಾಸ್ತಿ ಏರುವ ಹಾಗಿಲ್ಲ. ಹಾಗಾಗಿ ಅಕ್ಕಪಕ್ಕದ ಒಂದೇ ಥರದ ಮನೆಗಳಲ್ಲಿ 1985ರಲ್ಲಿ ಕೊಂಡವರು ಕಟ್ಟುವುದು ಸ್ವಲ್ಪ, ಮೊನ್ನೆ ಕೊಂಡವರು ಕಟ್ಟುವುದು ಅದರ ಎಷ್ಟೋ ಪಟ್ಟು. ಬಡವರ ಚಿಕಿತ್ಸೆಯ ಹೊಣೆ ಹೊತ್ತ ಕೌಂಟಿಗಳ (ನಮ್ಮ ಜಿಲ್ಲೆಗಳ ಥರದವು) ಆದಾಯ ಒಮ್ಮೆಗೇ ಕುಸಿಯಿತು, ರಾಜ್ಯ ಸರ್ಕಾರ ಕೈ ಹಿಡಿಯಬೇಕಾಯಿತು. ಈಗ ಕೌಂಟಿ ಆಸ್ಪತ್ರೆ ಕಟ್ಟಲು ಬಾಂಡ್ ತಂದು ಆ ಸಾಲವನ್ನು 1%ರ ಮೇಲೆ ಸೇರಿಸುವ ಆಸ್ತಿ ತೆರಿಗೆಯಿಂದ ತೀರಿಸಬೇಕಾದರೆ ಜನರನ್ನೇ ಕೇಳಬೇಕು. 2008ರಲ್ಲಿ ಸಾಂಟಾ ಕ್ಲಾರಾ ಕೌಂಟಿ ಕೇಳಿತು: ಸ್ಯಾನ್ ಹೊಸೆಯ ವ್ಯಾಲಿ ಮೆಡಿಕಲ್ ಸೆಂಟರ್ ಭೂಕಂಪ ತಾಳುವ ಹಾಗೆ ಕಟ್ಟಲು 84 ಕೋಟಿ ಡಾಲರ್. ಮೂರರಲ್ಲಿ ಎರಡು ಪಾಲು ಓಟು ಬೇಕಿತ್ತು, ಅದಕ್ಕಿಂತ ಜಾಸ್ತಿಯೇ ಬಂತು.

ಇಂಥ ಓಟಿಗೆ "ಜನಮತಗಣನೆ" ತೀರಾ ಭಾರವಾಯಿತು. "ಓಟಿಗಿಟ್ಟ ಪ್ರಸ್ತಾವ" ಅಂತಲೇ ಬರೆದಿದ್ದೇನೆ. ಪ್ರಶ್ನೆ ಇರುವುದು ಮೇಲೆ ಸೇರುವ ಆ ಹಣದ್ದು.

"ಉಪಕರ" ಅಂದರೆ ನಮ್ಮವರಿಗೆ ತಟ್ಟನೆ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಮೇಲೆ ಆರೋಗ್ಯಕ್ಕೆ 15%, ಗ್ರಂಥಾಲಯಕ್ಕೆ 6%, ಭಿಕ್ಷುಕರ ಹೆಸರಲ್ಲಿ 3% ಕಟ್ಟಿದವರೇ ಅಲ್ವಾ ಎಲ್ಲರೂ. 10,000 ತೆರಿಗೆ ಇದ್ದರೆ ಆರೋಗ್ಯಕ್ಕೇ 1,500. ಆದರೆ ನಮ್ಮದು ತೆರಿಗೆಯ ಮೇಲಿನ ಲೆಕ್ಕ, ಅಲ್ಲಿಯದು ಮನೆಯ ನಿರ್ಧರಿತ ಬೆಲೆಯ ಮೇಲಿನದು. ಇದನ್ನಾದರೂ ಒಂದು ಸಾಲಲ್ಲಿ ವಿವರಿಸಬಹುದು. ನನಗೆ ಕಾಡುತ್ತಿರುವುದು ಇನ್ನೊಂದು: ನಮ್ಮ ಉಪಕರವನ್ನು ಶಾಸನಸಭೆ ಹಾಕಿತು, ಯಾರೂ ನಮ್ಮನ್ನು ಕೇಳಲಿಲ್ಲ. ಅಲ್ಲಿ ಜನ ತಾವೇ ಓಟು ಹಾಕಿ ಹೊತ್ತುಕೊಂಡರು. ಉಪಕರ ಅಂದ ಕೂಡಲೇ "ಸರ್ಕಾರ ಹಾಕಿದೆ, ಕಟ್ಟೋಣ" ಅಂದುಕೊಂಡು ಓಟು ಹಾಕದೆ ಸುಮ್ನೆ ಕೂತುಬಿಟ್ಟರೆ ಬರೆದದ್ದೇ ದಂಡ.

"ಮೇಲ್ತೆರಿಗೆ"ಯಲ್ಲೂ ಅದೇ ತೊಂದರೆ. "ವಂತಿಗೆ" ಹತ್ತಿರ ಬರುತ್ತದೆ ಅನ್ನಿಸುತ್ತಿದೆ. ಊರವರು ಕೂತು ಮಾತಾಡಿ ಮನೆಗಿಷ್ಟು ಅಂತ ಗೊತ್ತುಮಾಡುತ್ತಾರೆ, ಒಮ್ಮೆ ಗೊತ್ತಾದ ಮೇಲೆ ಕೊಡಲೇಬೇಕು. ಆದರೆ ಪೇಟೆಯವರ ಕಿವಿಗೆ ವಂತಿಗೆ ಅಂದರೆ ಬರೀ ದೇಣಿಗೆ, ಇಷ್ಟವಿದ್ದರೆ ಕೊಡುವುದು.

ಧಾರವಾಡ, ವಿಜಯಪುರದ ಕಡೆಯವರು ಹೇಳಿ: ಜಾತ್ರೆಗೆ ನೀವು ಎತ್ತುವ "ಪಟ್ಟಿ" ಇಲ್ಲಿ ಹೊಂದುತ್ತದಾ? "ಆಸ್ಪತ್ರೆ ಪಟ್ಟಿ" ಅಂದರೆ ನಿಮ್ಮ ಮನೆಯ ಹಿರಿಯರಿಗೆ ಹಣ ಅಂತ ಹೊಳೆಯುತ್ತದಾ, ಇಲ್ಲ ಆಸ್ಪತ್ರೆಗಳ ಹೆಸರಿನ ಪಟ್ಟಿ ಅಂತಲೋ?