‘ಪಾಸೌಟ್’: ಓದು ಮುಗಿಸಿದ್ದೋ, ಎಚ್ಚರ ತಪ್ಪಿದ್ದೋ?

ಎಲ್ಲರಿಗೂ ನಮಸ್ಕಾರ.

‘ನಾನು 2019ರಲ್ಲಿ ಪಾಸೌಟ್ ಆದೆ’ ಅಂತ ನಮ್ಮ ಹುಡುಗರು ಸಲೀಸಾಗಿ ಹೇಳುತ್ತಾರೆ. ಅಮೆರಿಕದವರ ಕಿವಿಗೆ ‘ಪಾಸ್ಡ್ ಔಟ್’ ಅಂತ ಬಿದ್ದರೆ, ಯಾರೋ ತಲೆ ಸುತ್ತಿ ಬಿದ್ದರು ಅಥವಾ ಕುಡಿದು ಎಚ್ಚರ ತಪ್ಪಿದರು ಅಂತಲೇ ಅರ್ಥ. ಟೀಚರ್ ಪ್ರಶ್ನೆಪತ್ರಿಕೆ ‘ಪಾಸ್ ಔಟ್’ ಮಾಡಿದರು ಅಂದರೆ ಅಲ್ಲಿ ಹಂಚಿದರು ಅಂತ. ಕಾಲೇಜು ಮುಗಿಸಿದ್ದಕ್ಕೆ ಅವರು ಹೇಳುವುದು ‘ಗ್ರ್ಯಾಜುಯೇಟೆಡ್’.

ಹಾಗಂತ ನಮ್ಮದು ತಪ್ಪು ಇಂಗ್ಲಿಷ್ ಅಂತ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಬ್ರಿಟನ್ನಿನ ಸೇನೆ, ಪೊಲೀಸ್ ತರಬೇತಿಯಲ್ಲಿ ‘ತರಬೇತಿ ಮುಗಿಸಿ ಹೊರಬರು’ ಅನ್ನುವ ಅರ್ಥ ಈಗಲೂ ಬಳಕೆಯಲ್ಲಿದೆ. ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ಜೂನ್, ಡಿಸೆಂಬರ್‌ನಲ್ಲಿ ಪಾಸಿಂಗ್ ಔಟ್ ಪರೇಡ್ ನಡೆಯುತ್ತದೆ. ಕೆಡೆಟ್‌ಗಳು ಸಾಲಾಗಿ ‘ಅಂತಿಮ್ ಪಗ್’, ಅಂದರೆ ‘ಕೊನೆಯ ಹೆಜ್ಜೆ’ ಅನ್ನುವ ಗುರುತನ್ನು ದಾಟಿ ಹೊರಬರುತ್ತಾರೆ. ‘ಔಟ್’ ಅನ್ನುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ನಮ್ಮ ಪೊಲೀಸ್ ತರಬೇತಿ ಶಾಲೆಗಳ ಇದೇ ಪರೇಡನ್ನು ಕನ್ನಡ ಪತ್ರಿಕೆಗಳು ‘ನಿರ್ಗಮನ ಪಥಸಂಚಲನ’ ಅಂತ ಬರೆಯುತ್ತವೆ. ‘ನಿರ್ಗಮನ’ ಇಲ್ಲಿ ಚೆನ್ನಾಗಿ ಒಪ್ಪುತ್ತದೆ, ಅಲ್ವಾ?

ಕನ್ನಡಕ್ಕೆ ಬಂದಮೇಲೆ ಈ ಪದ ತನ್ನದೇ ದಾರಿ ಹಿಡಿದಿದೆ. ‘ಪಾಸಾದೆ’ ಅಂದರೆ ಒಂದು ಪರೀಕ್ಷೆ. ‘ಪಾಸೌಟ್ ಆದೆ’ ಅಂದರೆ ಇಡೀ ಕೋರ್ಸು. ಎಂಜಿನಿಯರಿಂಗ್‌ನಲ್ಲಿ ಎಂಟನೇ ಸೆಮಿಸ್ಟರ್ ಮುಗಿದರೂ ಒಂದು ಸಬ್ಜೆಕ್ಟ್ ಬ್ಯಾಕ್ ಉಳಿದಿದ್ದರೆ ಪಾಸೌಟ್ ಅನ್ನುವಂತಿಲ್ಲ. ‘ಅವಳು 2024ರ ಪಾಸೌಟ್’ ಅಂದಾಗ ಅದು ನಾಮಪದ. ಕ್ರಿಯಾಪದ ಆಗಬೇಕಾದರೆ ‘ಆಗು’ ಸೇರಲೇಬೇಕು.

ನಮ್ಮ ನಮ್ಮಲ್ಲಿ ಈ ಮಾತು ಧಾರಾಳವಾಗಿ ಇರಲಿ. ಹೊರದೇಶದ ಕೆಲಸಕ್ಕೋ ಓದಿಗೋ ಅರ್ಜಿ ಹಾಕುವವರು ಮಾತ್ರ ದಯವಿಟ್ಟು ‘ಗ್ರ್ಯಾಜುಯೇಟೆಡ್ ಇನ್ 2019’ ಅಂತಲೇ ಬರೆಯಿರಿ. ಸುಮ್ನೆ ಗೊಂದಲ ಯಾಕೆ?

ಈಗ ನನ್ನ ಪ್ರಶ್ನೆ: ‘ಪಾಸೌಟ್’ಗೆ ಕನ್ನಡದಲ್ಲಿ ಏನನ್ನಬಹುದು? ‘ತೇರ್ಗಡೆ’ ಪರೀಕ್ಷೆಗಷ್ಟೇ ಸರಿ. ‘ಪದವೀಧರರು’ ಅಂದರೆ ಐಟಿಐ, ಡಿಪ್ಲೊಮಾ ಮುಗಿಸಿದವರು ಹೊರಗೇ ಉಳಿಯುತ್ತಾರೆ. ‘ಓದು ಮುಗಿಸಿದವರು’ ನನಗೆ ಇಷ್ಟ, ಆದರೆ ಓದು ಅಲ್ಲಿಗೇ ನಿಲ್ಲಿಸಿದವರು ಅನ್ನುವ ಅರ್ಥವೂ ಬರಬಹುದು. ಧಾರವಾಡ, ಕಲಬುರಗಿ, ಮಂಗಳೂರು ಕಡೆ ‘2019ರ ಪಾಸೌಟ್‌ಗಳು’ ಅನ್ನುವುದಕ್ಕೆ ಬೇರೆ ಮಾತು ಇದೆಯೇ? ಮನೆಯಲ್ಲಿ ಆಡುವ ಮಾತಾದರೂ ಸರಿ, ತಿಳಿಸಿ.