ಓದುಗರ ಸ್ಪಂದನ: ಕೆಲಸ ಬಿಡಲೇ, ಚೀಟಿ ಎತ್ತಲೇ?

ಕಳೆದ ಸಂಚಿಕೆಯ ಸಮಸ್ಯೆ: ನನಗೀಗ ಐದು ತಿಂಗಳು, ಚೊಚ್ಚಲು. ಪೀಣ್ಯದ ಕಾರ್ಖಾನೆಯೊಂದರಲ್ಲಿ ನನಗೆ 19,000, ಖಾಸಗಿ ಕಂಪನಿಯಲ್ಲಿ ಯಜಮಾನರಿಗೆ 28,000 ಸಂಬಳ. ಬಾಡಿಗೆ 9,000, ಬೈಕಿನ ಕಂತು 3,400, ಚೀಟಿಗೆ 5,000 ಹೋಗುತ್ತದೆ. ಉಳಿತಾಯ ಅಂತ ಇರುವುದು 40,000. ಕೆಲಸ ಬಿಟ್ಟು ಹಾವೇರಿಗೆ, ತವರಿಗೆ ಹೋಗು ಅನ್ನುತ್ತಾರೆ ಅತ್ತೆ. ಚೀಟಿ ಎತ್ತಿಬಿಡೋಣ ಅನ್ನುತ್ತಾರೆ ಇವರು. ನನಗೆ ನಿದ್ದೆ ಹತ್ತುತ್ತಿಲ್ಲ.

ತಂಗಿ, ಕೆಲಸ ಮಾತ್ರ ಬಿಡಬೇಡ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಸಿಗುವುದು 21,000ದವರೆಗೆ ಸಂಬಳ ಇರುವವರಿಗೆ; ನಿನ್ನದು ಅದರ ಒಳಗಿದೆ. ಸಂಬಳದ ಚೀಟಿ ತೆಗೆದು ನೋಡು, ಇಎಸ್‌ಐ ಅಂತ ತಿಂಗಳಿಗೆ ನೂರ ನಲವತ್ತು ಚಿಲ್ಲರೆ ರೂಪಾಯಿ ಹಿಡಿದಿರುತ್ತಾರೆ. ಆ ಚಿಲ್ಲರೆಗೇ ನಿನಗೆ 26 ವಾರದ ಹೆರಿಗೆ ರಜೆ ಸಿಗುವುದು, ಅದೂ ಪೂರ್ತಿ ಸಂಬಳದ ಲೆಕ್ಕದಲ್ಲಿ. ಮೊದಲು 12 ವಾರ ಇತ್ತು, 2017ರಿಂದ 26 ಆಗಿದೆ. ಹೆರಿಗೆಗೆ ಮುಂಚೆ ಎಂಟು ವಾರದವರೆಗೆ ತಗೊಳ್ಳಬಹುದು. ಹಿಂದಿನ ಎರಡು ವಂತಿಗೆ ಅವಧಿಯಲ್ಲಿ (ಒಂದೊಂದೂ ಆರು ತಿಂಗಳಿನದು) 70 ದಿನದ ವಂತಿಗೆ ಕಟ್ಟಿದ್ದರೆ ಸಾಕು. ನಿನ್ನ ಲೆಕ್ಕಕ್ಕೆ ಹೆಚ್ಚುಕಡಿಮೆ 1,14,000 ರೂಪಾಯಿ. ಇದನ್ನು ಅತ್ತೆಯವರ ಮುಂದೆ ಬರೆದು ತೋರಿಸು.

ಈ ಹಣ ಕಂಪನಿ ಕೊಡುವುದಲ್ಲ, ಇಎಸ್‌ಐನಿಂದ ನೇರವಾಗಿ ನಿನ್ನ ಖಾತೆಗೆ ಬೀಳುತ್ತದೆ. ಹಾಗಾಗಿ ಕಾಗದಪತ್ರ ಸರಿ ಇರಬೇಕು. ನನ್ನ ಹೆಸರು ಆಧಾರ್‌ನಲ್ಲಿ ಒಂದು ಥರ, ಪಾಸ್‌ಬುಕ್ಕಿನಲ್ಲಿ ಅಪ್ಪನ ಹೆಸರು ಸೇರಿ ಇನ್ನೊಂದು ಥರ ಇತ್ತು. ನಾನು ನೋಡಿಕೊಂಡಿರಲಿಲ್ಲ. ಹಸಿ ಬಾಣಂತಿ, ಮಗುವನ್ನು ಅಮ್ಮನ ಮಡಿಲಿಗೆ ಹಾಕಿ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದೆ. ಎದೆಹಾಲಿಗೆ ರವಿಕೆ ಒದ್ದೆಯಾಗಿ, ಸೆರಗು ಬಿಗಿಯಾಗಿ ಹೊದ್ದುಕೊಂಡಿದ್ದೆ. ಮೂರು ತಿಂಗಳು ಮನೆ ನಡೆದದ್ದು ಅಣ್ಣ ಕೊಟ್ಟ ಸಾಲದಲ್ಲಿ. ನಿನಗೆ ಇನ್ನೂ ನಾಲ್ಕು ತಿಂಗಳಿದೆ, ಈ ವಾರವೇ ಹೆಸರು ತಾಳೆ ನೋಡು. ತವರಲ್ಲಿ ಹೆರಿಗೆಯಾದರೂ ರಜೆಯ ಹಣ ತಪ್ಪುವುದಿಲ್ಲ, ಆದರೆ ಏನೇನು ಸರ್ಟಿಫಿಕೇಟ್ ಬೇಕು ಅಂತ ಹೊರಡುವ ಮುಂಚೆ ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಕೇಳಿಕೊಂಡು ಹೋಗು. ಇಲ್ಲೇ ಆಗುವುದಾದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಿದೆ, ಬಿಲ್ಲಿನ ಭಯವಿಲ್ಲ. ನಿನ್ನ 40,000 ಆ ಹಣ ಕೈಸೇರುವವರೆಗಿನ ತಿಂಗಳುಗಳಿಗೆ ಇರಲಿ.
– ಗಾರ್ಮೆಂಟ್ಸ್ ಕೆಲಸಗಾರ್ತಿ, ಬೆಂಗಳೂರು

ನಾನು ಚೀಟಿ ವಿಷಯ ಮಾತ್ರ ಹೇಳುತ್ತೇನೆ. ಶುರುವಿನ ತಿಂಗಳುಗಳಲ್ಲೇ ಕೂಗಿ ಎತ್ತಿದರೆ ಲಕ್ಷದ ಚೀಟಿಗೆ ಎಪ್ಪತ್ತೋ ಎಪ್ಪತ್ತೈದೋ ಸಾವಿರ ಕೈಗೆ ಬಂದೀತು, ಮುಂದಿನ ಕಂತು ಮಾತ್ರ ಕಟ್ಟುತ್ತಲೇ ಇರಬೇಕು. ತೊಟ್ಟಿಲು, ಸೀಮಂತ, ನಾಮಕರಣಕ್ಕೆಂದು ಎತ್ತಬೇಡಿ. ನನ್ನ ಮಗ ಎಂಟಕ್ಕೇ ಹುಟ್ಟಿ ಆರು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದ. ಆವತ್ತು ನನ್ನ ಕೈ ಹಿಡಿದದ್ದು ಎತ್ತದೆ ಉಳಿಸಿಕೊಂಡಿದ್ದ ಚೀಟಿ.
– ಅಂಗಡಿ ವ್ಯಾಪಾರಿ, ತುಮಕೂರು

ಯಜಮಾನರ ಕಂಪನಿಯಲ್ಲಿ ಗುಂಪು ಆರೋಗ್ಯ ವಿಮೆ ಇದ್ದರೆ, ಹೆರಿಗೆಗೆ ಮಿತಿ ಎಷ್ಟು, ಮಗುವಿಗೆ ಹುಟ್ಟಿದ ದಿನದಿಂದಲೇ ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿಸಿ. ನಮ್ಮದರಲ್ಲಿ ಮಿತಿ 50,000 ಇತ್ತು, ಸಿಸೇರಿಯನ್ ಬಿಲ್ 1,08,000 ಬಂತು. ಈಗ ಹೊಸದಾಗಿ ಪಾಲಿಸಿ ಮಾಡಿಸಿದರೆ ಈ ಹೆರಿಗೆಗೆ ಸಿಗುವುದಿಲ್ಲ, ಕಾಯುವ ಅವಧಿ ಇರುತ್ತದೆ. ಏಜೆಂಟರ ಮಾತಿಗೆ ದುಡ್ಡು ಕಟ್ಟಬೇಡಿ.
– ಒಂದು ವರ್ಷದ ಮಗಳ ತಂದೆ, ಮೈಸೂರು

ತವರಿಗೆ ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಮ್ಮ. ಮಗುವಿನ ಲಸಿಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಹೊರಗೆ ಸಾವಿರಾರು ರೂಪಾಯಿ ತೆಗೆದುಕೊಳ್ಳುವ ನ್ಯುಮೋನಿಯಾ ಲಸಿಕೆಯೂ ಈಗ ಅದರಲ್ಲೇ ಸೇರಿದೆ. ಜನನ ನೋಂದಣಿ 21 ದಿನದೊಳಗೆ ಮಾಡಿಸಿಬಿಡು.
– ಆಶಾ ಕಾರ್ಯಕರ್ತೆ, ದಾವಣಗೆರೆ

ನೋಡವ್ವಾ, ಚೊಚ್ಚಲ ಬಾಣಂತನ ತವರಮನಿದು ಅಂತ ಎಲ್ಲಾರೂ ಅಂತಾರ. ನಿಮ್ಮ ಅಪ್ಪ-ಅವ್ವನ ಕಡೆ ರೊಕ್ಕ ಐತೋ ಇಲ್ಲೋ ಅಂತ ಯಾರೂ ಕೇಳೂದಿಲ್ಲ. ನನ್ನ ಮಗಳ ಬಾಣಂತನಕ್ಕ ನಾ ಪಾಟ್ಲಿ ಒತ್ತಿ ಇಟ್ಟೆ, ಆಕಿಗೆ ಇವತ್ತಿಗೂ ಹೇಳಿಲ್ಲ. ನೀ ಹೋಗೂ ಮುಂಚೆ ಅವ್ವನ ಕೂಡ ಕುಂತು ಮಾತಾಡು, ಗಂಡನ್ನೂ ಕುಂದರಿಸು. ಅಂಟಿನುಂಡಿಗೆ ಕೊಬ್ಬರಿ, ಉತ್ತತ್ತಿ, ಅಂಟು, ತುಪ್ಪ ಅಂದ್ರ ಈಗಿನ ರೇಟಿಗೆ ಸಾವಿರಗಟ್ಟಲೆ ಆಗತೈತಿ. ಅದರ ರೊಕ್ಕ ನಿಮ್ಮ ಮನಿಯಿಂದ ಕೊಡ್ರಿ. ಕುಬಸಕ್ಕ ಹಾಲ್ ಹಿಡೀಬ್ಯಾಡ್ರಿ, ಮನ್ಯಾಗ ಐದು ಮಂದಿ ಮುತ್ತೈದೇರನ್ನ ಕರದು ಉಡಿ ತುಂಬಿಸ್ರಿ. ಕೂಸಿಗೆ ಹೊಸ ಅರಬಿ ಯಾಕ? ಹತ್ತು ಸಲ ಒಗದ ನೂಲಿನ ಸೀರಿ ಹರದು ಲಂಗೋಟಿ ಮಾಡು, ಮೆತ್ತಗ ಇರತಾವ. ಉಳದದ್ದಕ್ಕ ಕೌದಿ ಹೊಲಿ. ತೊಟ್ಟಿಲಾ ಓಣ್ಯಾಗ ಯಾರದರೆ ಅಟ್ಟದ ಮ್ಯಾಲೆ ಇದ್ದ ಇರತೈತಿ, ಕೇಳಿ ತಗೋ.
– ಅಜ್ಜಿ, ಧಾರವಾಡ